ಹ್ಯೂಮರ್: ಮೂರು ಕಡೆ ಮೂರು ಅರ್ಥ, ಸಂಪಾದಕರಿಗೆ ಒಂದೇ ಪದ ಬೇಕಂತೆ

ಗೆಳೆಯರೇ,

ಅವಸರದಲ್ಲಿದ್ದೇನೆ. ನಾಳೆ ಸಂಜೆಯೊಳಗೆ ಒಂದು ಕಥೆಯ ಅನುವಾದ ಅಚ್ಚಿಗೆ ಹೋಗಬೇಕು. ಎಲ್ಲ ಮುಗಿದಿದೆ. ಹ್ಯೂಮರ್ ಅನ್ನುವ ಪದ ಮಾತ್ರ ಹಟ ಹಿಡಿದು ಕೂತಿದೆ.

ಕಥೆಯಲ್ಲಿ ಒಬ್ಬ ಮುದುಕ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವನು, ಈಗ ಮರೆವಿನ ಕಾಯಿಲೆ. ಮಗಳು ನೋಡಿಕೊಳ್ಳುತ್ತಾಳೆ. ಶುರುವಿನಲ್ಲೇ ಅವನಿಗೆ ‘ಡ್ರೈ ಸೆನ್ಸ್ ಆಫ್ ಹ್ಯೂಮರ್’ ಇತ್ತು ಅಂತ ಬರುತ್ತದೆ. ‘ಒಣ ಹಾಸ್ಯ’ ಅಂದರೆ ನಗು ಬಾರದ ಹಾಸ್ಯ ಅಂತ ಆಗಿಬಿಡುತ್ತೆ, ಅಲ್ವಾ? ಆಮೇಲೆ ಒಂದು ಕಡೆ ಅವನು ‘ನಾಳೆಯಿಂದ ಅಂಗಡಿ ಬಾಗಿಲು ತೆಗೀತೀನಿ’ ಅನ್ನುತ್ತಾನೆ. ಅಂಗಡಿ ಮಾರಿ ಎಷ್ಟೋ ವರ್ಷ ಆಗಿದೆ. ಅಲ್ಲಿ ಮಗಳು ‘ಹ್ಯೂಮರ್ಡ್ ಹಿಮ್’, ಅಂದರೆ ತಿದ್ದದೆ ಅವನ ಮಾತಿಗೆ ಒಪ್ಪಿದಳು. ಕೊನೆಯಲ್ಲಿ, ಸಂಜೆ ಹೊತ್ತಿಗೆ ಅವನ ‘ಗುಡ್ ಹ್ಯೂಮರ್’, ಅಂದರೆ ಖುಷಿಯ ಮನಸ್ಸು, ಮರಳಿತು ಅಂತ ಇದೆ.

ನಮ್ಮ ಸಂಪಾದಕರದ್ದು ಒಂದು ನಿಯಮ. ಒಂದು ಇಂಗ್ಲಿಷ್ ಪದಕ್ಕೆ ಕೊನೆಯವರೆಗೂ ಒಂದೇ ಕನ್ನಡ ಪದ. ಮೂರು ಕಡೆಯೂ ‘ಹಾಸ್ಯ’ ಅಂತ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದಾರೆ. ಮೂರನ್ನೂ ಹೊರುವ ಒಂದು ಪದ ಇದ್ದರೆ ಹೇಳಿ. ಇಲ್ಲದಿದ್ದರೆ ಅವರ ಮುಂದೆ ಇಡೋದಕ್ಕೆ ಒಂದು ಗಟ್ಟಿ ಕಾರಣ ಕೊಡಿ.

— ಅನುವಾದಕಿ

* * *

ಮರು: ಹ್ಯೂಮರ್

ಹಾಸ್ಯ. ಇದರಲ್ಲಿ ಚರ್ಚೆ ಮಾಡೋದೇನಿದೆ? ಯಾವ ನಿಘಂಟನ್ನಾದರೂ ತೆಗೆದು ನೋಡಿ.

— ಪದಕೋಶದವರು

* * *

ಮರು: ಹ್ಯೂಮರ್

ನಿಘಂಟು ತೆಗೆದವರಿಗೆ ಪದ ಸಿಗುತ್ತದೆ. ಅದರ ಜಾತಕ ಸಿಗುವುದಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಅವಸರ ಇರುವವರು ಕೊನೆಯ ಭಾಗ ಓದಿಕೊಳ್ಳಲಿ.

ಹುಟ್ಟಿನಲ್ಲಿ ಹ್ಯೂಮರ್‌ಗೂ ನಗುವಿಗೂ ಯಾವ ಸಂಬಂಧವೂ ಇಲ್ಲ. ಲ್ಯಾಟಿನ್ನಿನಲ್ಲಿ ಅದು ಉಮೋರ್. ಅಂದರೆ ತೇವ, ದ್ರವ. ಮುಂದಿರುವ ‘ಹ’ ಕೂಡ ಅದರದ್ದಲ್ಲ. ನೆಲ ಅನ್ನುವ ಅರ್ಥದ ಹ್ಯೂಮಸ್ ಪದದ ಜೊತೆ ಕಲಸಿಹೋಗಿ ಅಂಟಿಕೊಂಡದ್ದು. ಗಾಳಿಯಲ್ಲಿ ಹ್ಯುಮಿಡಿಟಿ ಜಾಸ್ತಿ ಅನ್ನುತ್ತೇವಲ್ಲ, ಆ ಪದ ಇದರ ಒಡಹುಟ್ಟು.

ಹಳೆಯ ಗ್ರೀಕ್ ವೈದ್ಯರಾದ ಹಿಪ್ಪೊಕ್ರೇಟಿಸ್, ಗ್ಯಾಲೆನ್ ಪರಂಪರೆಯ ವೈದ್ಯದಲ್ಲಿ ಮೈಯೊಳಗೆ 4 ದ್ರವ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಇವುಗಳ ಏರುಪೇರೇ ಮನುಷ್ಯನ ಸ್ವಭಾವ ಅಂತ ಅವರ ಲೆಕ್ಕ. ರಕ್ತ ಹೆಚ್ಚಿದವನು ಉತ್ಸಾಹಿ, ಕಫದವನು ಮಂದ, ಹಳದಿ ಪಿತ್ತದವನು ಸಿಡುಕ, ಕಪ್ಪು ಪಿತ್ತದವನು ಸದಾ ಕೊರಗುವವನು. ಮೆಲಂಕಲಿ ಅನ್ನುವ ಪದವನ್ನು ಬಿಡಿಸಿದರೆ ಗ್ರೀಕಿನ ಕಪ್ಪು ಪಿತ್ತವೇ ಸಿಗುತ್ತದೆ. ಹೀಗೆ ದ್ರವದ ಹೆಸರು ಸ್ವಭಾವಕ್ಕೆ ಬಂತು. ಸ್ವಭಾವದಿಂದ ಆ ಹೊತ್ತಿನ ಮನಸ್ಸಿಗೆ ಇಳಿಯಿತು. ಅಲ್ಲಿಂದ ಹುಚ್ಚಾಟಕ್ಕೆ, ಗೀಳಿಗೆ. ಗೀಳು ಹಿಡಿದವನನ್ನು ರಂಗದ ಮೇಲೆ ನಿಲ್ಲಿಸಿದರೆ ನೋಡುವವರಿಗೆ ನಗು. ಇಂಗ್ಲಿಷ್ ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಈ ಪದವನ್ನು ನಾಟಕದ ಹೆಸರಿನಲ್ಲಿಟ್ಟಾಗ ಅವನು ಹೇಳುತ್ತಿದ್ದದ್ದು ನಗೆಯ ವಿಷಯವಲ್ಲ. ಒಂದೊಂದು ಪಾತ್ರಕ್ಕೆ ಹಿಡಿದ ಒಂದೊಂದು ಗೀಳಿನ ವಿಷಯ. 1709ರಲ್ಲಿ ಇಂಗ್ಲಿಷ್ ಚಿಂತಕ ಶಾಫ್ಟ್ಸ್‌ಬರಿ ವಿಟ್ (ಮಾತಿನ ಚುರುಕು) ಮತ್ತು ಹ್ಯೂಮರ್ ಕುರಿತು ಪ್ರಬಂಧ ಬರೆಯುವ ಹೊತ್ತಿಗೆ ನಗೆಯ ಅರ್ಥ ಗಟ್ಟಿಯಾಗಿ ಕೂತಿತ್ತು.

ಈಗ ನನ್ನ ಮಾತು. ದ್ರವದಿಂದ ಭಾವಕ್ಕೆ ಹೋದ ಪದ ನಮ್ಮಲ್ಲೂ ಒಂದಿದೆ. ರಸ. ಹಣ್ಣಿನ ರಸವೂ ಅದೇ, ಹಾಸ್ಯರಸವೂ ಅದೇ. ಸರಸ, ವಿರಸ, ನೀರಸ, ರಸಿಕ, ಎಲ್ಲ ಅದೇ ಕುಟುಂಬ. ಆದ್ದರಿಂದ ಹ್ಯೂಮರ್‌ಗೆ ತಕ್ಕ ಪದ ಹಾಸ್ಯವಲ್ಲ. ಸರಸ. ‘ಸರಸ ಸ್ವಭಾವದವನು’, ‘ಸರಸವಾಗಿ ನಡೆದುಕೊಂಡಳು’, ‘ಮತ್ತೆ ಸರಸವಾದ’. ಮೂರು ಕಡೆಯೂ ಕೂರುತ್ತದೆ. ನಿಮ್ಮ ಸಂಪಾದಕರೂ ಖುಷಿ, ನೀವೂ ಖುಷಿ.

ಇನ್ನೊಂದು ವಿಷಯ. ಡ್ರೈ ಹ್ಯೂಮರ್ ಅನ್ನುವುದನ್ನು ಮೂಲ ಹಿಡಿದು ನೋಡಿದರೆ ಒಣಗಿದ ತೇವ! ಇಂಗ್ಲಿಷಿನವರು ತೇವವನ್ನು ಮರೆತಿದ್ದಾರೆ, ಅದಕ್ಕೇ ಒಣಗಿಸಬಲ್ಲರು. ನಾವು ರಸವನ್ನು ಮರೆತಿಲ್ಲ. ನೀರಸ ಅಂದರೆ ನಮಗೆ ಇವತ್ತಿಗೂ ಬೇಸರ. ಅದಕ್ಕೇ ‘ಒಣ ಹಾಸ್ಯ’ ನಮ್ಮ ಕಿವಿಗೆ ಬೈಗುಳದ ಹಾಗೆ ಕೇಳುತ್ತದೆ.

— ನಿವೃತ್ತ ಮೇಷ್ಟ್ರು

* * *

ಮರು: ಹ್ಯೂಮರ್

> ‘ಸರಸವಾಗಿ ನಡೆದುಕೊಂಡಳು’

ಮೇಷ್ಟ್ರೇ, ಮಗಳು ಅಪ್ಪನ ಜೊತೆ ಸರಸವಾಗಿ ನಡೆದುಕೊಂಡಳು ಅಂತ ಅಚ್ಚು ಹಾಕಿಸಿ, ಆಮೇಲೆ ಓದುಗರಿಗೆ ಉಮೋರ್ ಕಥೆ ಹೇಳ್ತಾ ಕೂರೋಣ್ವಾ? ಸರಸ ಸಲ್ಲಾಪ ಅನ್ನುವ ಜೋಡಿ ನೆನಪಿರುವವರು ಯಾರೂ ಈ ವಾಕ್ಯ ಬರೆಯಲಾರರು.

ಮೇಡಂ, ನಿಮಗೆ ಬೇಕಾದ ಗಟ್ಟಿ ಕಾರಣ ಇಲ್ಲಿದೆ. ಸಂಪಾದಕರ ಪದವನ್ನೇ ಎರಡನೇ ವಾಕ್ಯಕ್ಕೆ ಹಾಕಿ ಗಟ್ಟಿಯಾಗಿ ಓದಿ. ‘ಮಗಳು ಅಪ್ಪನನ್ನು ಹಾಸ್ಯ ಮಾಡಿದಳು.’ ಮುಗೀತು. ಕಾಯಿಲೆ ಬಿದ್ದ ಅಪ್ಪನನ್ನು ಆಡಿಕೊಂಡು ನಗುವ ಮಗಳಾದಳು ಅವಳು. ಕಥೆ ಹೇಳುವುದು ಸರಿಯಾಗಿ ಇದರ ಉಲ್ಟಾ.

ಕನ್ನಡದಲ್ಲಿ ‘ಹಾಸ್ಯ ಮಾಡು’ವಿಗೆ ದ್ವಿತೀಯಾ ವಿಭಕ್ತಿಯಲ್ಲಿ ಒಬ್ಬ ಮನುಷ್ಯನನ್ನು ಕೊಟ್ಟ ತಕ್ಷಣ ಅದು ಗೇಲಿ ಆಗುತ್ತದೆ. ‘ಅವನು ಹಾಸ್ಯ ಮಾಡುತ್ತಾನೆ’ ಅಂದರೆ ನಗಿಸುವವನು. ‘ಅವನನ್ನು ಹಾಸ್ಯ ಮಾಡುತ್ತಾರೆ’ ಅಂದರೆ ನಗೆಗೀಡಾದವನು. ತಮಾಷೆಗೂ ಇದೇ ಗತಿ. ‘ತಮಾಷೆ ಮಾಡಬೇಡ’ ಅಂದರೆ ಹುಡುಗಾಟ ಸಾಕು ಅಂತ. ‘ನನ್ನನ್ನು ತಮಾಷೆ ಮಾಡಬೇಡ’ ಅಂದರೆ ಜಗಳಕ್ಕೆ ಪೀಠಿಕೆ. ಇಂಗ್ಲಿಷಿನ ಹ್ಯೂಮರ್ ಕ್ರಿಯಾಪದವಾಗಿ ಕರ್ಮ ತೆಗೆದುಕೊಂಡಾಗ ತಿರುಗಾಮುರುಗಾ. ಅಲ್ಲಿ ಎದುರಿನವನು ಹೇಳಿದ್ದು ಸರಿಯಲ್ಲ ಅಂತ ಗೊತ್ತಿದ್ದೂ, ನಗದೆ, ತಿದ್ದದೆ, ಅವನ ಪಾಡಿಗೆ ಬಿಟ್ಟು ಹೂಂ ಅನ್ನುವುದು. ಅಂದರೆ ಹಳೆಯ ‘ಆ ಹೊತ್ತಿನ ಮನಸ್ಸು’ ಅನ್ನುವ ಅರ್ಥ ಅಲ್ಲಿ ಉಳಿದುಕೊಂಡಿದೆ. ನಗೆಯ ಅರ್ಥ ಅಲ್ಲಿಗೆ ಬಂದೇ ಇಲ್ಲ.

ಒಂದು ಪದಕ್ಕೆ ಒಂದೇ ಪದ ಅನ್ನುವ ನಿಯಮ ಕಾನೂನು ಪತ್ರಕ್ಕೆ ಸರಿ, ಔಷಧಿ ಡಬ್ಬಿಗೆ ಸರಿ. ಕಥೆಗೆ ಹಾಕಿದರೆ ಹೀಗೇ ಆಗೋದು.

— ಕರಡು ತಿದ್ದುವವನು

* * *

ಮರು: ಹ್ಯೂಮರ್ (ಊರು ಧಾತು)

ಉಮೋರ್ ಅಂದರೆ ದ್ರವ. ಕನ್ನಡದಲ್ಲಿ ಊರು ಅಂದರೆ ಒಸರು. ಬಾಯಲ್ಲಿ ನೀರೂರುತ್ತದೆ. ಬಾವಿಯಲ್ಲಿ ನೀರೂರುತ್ತದೆ. ಉ, ರ ಎರಡೂ ಹೊಂದುತ್ತವೆ. ಲ್ಯಾಟಿನ್ನಿಗೆ ಈ ಪದ ಎಲ್ಲಿಂದ ಹೋಯಿತು ಅಂತ ಯಾರಾದರೂ ಯೋಚನೆ ಮಾಡಿದ್ದೀರಾ?

— ಮೂಲಶೋಧಕ

* * *

ಮರು: ಹ್ಯೂಮರ್ (ಊರು ಧಾತು)

ಇಲ್ಲ. ಮಾಡುವುದೂ ಇಲ್ಲ.

— ಕರಡು ತಿದ್ದುವವನು

* * *

ಮರು: ಹ್ಯೂಮರ್ (ಊರು ಧಾತು)

ಎರಡು ಅಕ್ಷರ ಹೊಂದಿದ್ದಕ್ಕೆ ನೆಂಟಸ್ತಿಕೆ ಕಟ್ಟಬೇಡಿ. ನೆಂಟರೇ ಬೇಕಿದ್ದರೆ ರಸಕ್ಕೆ ಇದ್ದಾರೆ. ಲ್ಯಾಟಿನ್ನಿನಲ್ಲಿ ಇಬ್ಬನಿಗೆ ರೋಸ್ ಅನ್ನುತ್ತಾರೆ, ಅದೂ ರಸವೂ ಒಂದೇ ಬುಡದವು.

ಸರಸದ ಬಗ್ಗೆ ಬಂದ ಆಕ್ಷೇಪ ಎರಡನೇ ವಾಕ್ಯದ ಮಟ್ಟಿಗೆ ಇರಲಿ. ಆದರೆ ರಸದ ದಾರಿ ಬಿಡಬೇಡಿ. ‘ಗುಡ್ ಹ್ಯೂಮರ್’ಗೆ ನಾವು ‘ಒಳ್ಳೆ ಲಹರಿಯಲ್ಲಿದ್ದಾರೆ’ ಅನ್ನುವುದಿಲ್ಲವೇ? ಲಹರಿ ಅಂದರೆ ಅಲೆ. ಜೋಕಿಗೆ ನಾವಿಟ್ಟ ಹೆಸರು ನಗೆಹನಿ. ಅಲ್ಲೂ ಹನಿ! ಸಿಟ್ಟು ಬಂದರೆ ‘ಪಿತ್ತ ನೆತ್ತಿಗೇರಿತು’ ಅನ್ನುತ್ತೇವೆ. ನಮ್ಮವರೂ ಮನಸ್ಸನ್ನು ನೀರಿನಲ್ಲೇ ಕಂಡವರು.

— ನಿವೃತ್ತ ಮೇಷ್ಟ್ರು

* * *

ಮರು: ಹ್ಯೂಮರ್ (ಪಿತ್ತ)

ಮೇಷ್ಟ್ರಿಗೆ ಒಂದು ಸಣ್ಣ ತಕರಾರು. ಗ್ರೀಕರ 4 ದ್ರವಕ್ಕೂ ನಮ್ಮ ವಾತ, ಪಿತ್ತ, ಕಫಕ್ಕೂ ಗಂಟು ಹಾಕುವವರು ಬಹಳ. ವಾತ ದ್ರವವಲ್ಲ. ಅಲ್ಲಿಗೇ ಹೋಲಿಕೆ ನಿಂತಿತು.

ಇನ್ನು ಈ ಪದದ ಹಳೆಯ ಅರ್ಥ ಸತ್ತಿದೆ ಅಂದುಕೊಳ್ಳಬೇಡಿ. ವೈದ್ಯದಲ್ಲಿ ಇವತ್ತಿಗೂ ದಿನಾ ಬಳಸುತ್ತೇವೆ. ಕಣ್ಣಿನ ಮುಂಭಾಗದಲ್ಲಿ ನೀರಿನಂಥ ದ್ರವ ಇರುತ್ತದೆ, ಅದು ಅಕ್ವಿಯಸ್ ಹ್ಯೂಮರ್. ಮಸೂರದ ಹಿಂದೆ ಲೋಳೆಯಂಥದ್ದು ತುಂಬಿರುತ್ತದೆ, ಅದು ವಿಟ್ರಿಯಸ್ ಹ್ಯೂಮರ್. ರಕ್ತ ಮತ್ತು ಬೇರೆ ದ್ರವಗಳಲ್ಲಿರುವ ಪ್ರತಿಕಾಯಗಳಿಂದ ಬರುವ ರೋಗನಿರೋಧಕ ಶಕ್ತಿಗೆ ಹ್ಯೂಮರಲ್ ಇಮ್ಯುನಿಟಿ ಅನ್ನುತ್ತಾರೆ. ಒಂದು ಪದಕ್ಕೆ ಒಂದೇ ಪದ ಅನ್ನುವ ಸಂಪಾದಕರ ಕೈಗೆ ವೈದ್ಯದ ಪುಸ್ತಕ ಸಿಕ್ಕರೆ ರೋಗಿಯ ಕಣ್ಣಲ್ಲಿ ಹಾಸ್ಯ ತುಂಬಿಕೊಂಡು, ಒತ್ತಡ ಜಾಸ್ತಿಯಾಗಿ, ಆಪರೇಷನ್ ಮಾಡಬೇಕಾಗುತ್ತದೆ.

ಮೊಣಕೈ ತಾಗಿದಾಗ ಜುಮ್ ಅನ್ನುವ ಜಾಗಕ್ಕೆ ‘ಫನ್ನಿ ಬೋನ್’ ಅನ್ನುತ್ತಾರಲ್ಲ, ಅದನ್ನೂ ಯಾರಾದರೂ ಇಲ್ಲಿಗೆ ಎಳೆದು ತರುವ ಮೊದಲೇ ಹೇಳಿಬಿಡುತ್ತೇನೆ. ತೋಳಿನ ಮೂಳೆಯ ಹೆಸರು ಹ್ಯೂಮರಸ್. ಲ್ಯಾಟಿನ್ನಿನಲ್ಲಿ ಹೆಗಲು. ನಮ್ಮ ಹ್ಯೂಮರ್‌ಗೆ ಸಂಬಂಧವೇ ಇಲ್ಲ, ಬರೀ ಉಚ್ಚಾರದ ಆಟ.

— ಡಾಕ್ಟರು

* * *

ಮರು: ಹ್ಯೂಮರ್

ಇಷ್ಟು ಹೊತ್ತು ಕಾದೆ, ಯಾರಾದರೂ ಕನ್ನಡ ಪದ ಹೇಳುತ್ತಾರೇನೋ ಅಂತ. ಹಾಸ್ಯ ಸಂಸ್ಕೃತ. ರಸ ಸಂಸ್ಕೃತ. ಲಹರಿ ಸಂಸ್ಕೃತ. ಜನ ಬಳಸುವ ‘ಹಾಸ್ಯಪ್ರಜ್ಞೆ’ಯ ಪ್ರಜ್ಞೆಯೂ ಸಂಸ್ಕೃತ. ‘ನಗೆ’ ಅಂತ ಒಂದು ಪದ ಕನ್ನಡದಲ್ಲಿ ಇದೆ, ಕೇಳಿದ್ದೀರಾ?

ಹ್ಯೂಮರ್ = ನಗೆ. ಸೆನ್ಸ್ ಆಫ್ ಹ್ಯೂಮರ್ = ನಗೆಯರಿವು. ಡ್ರೈ ಹ್ಯೂಮರ್ = ಒಣನಗೆ. ಹ್ಯೂಮರಿಸ್ಟ್ = ನಗೆಗಾರ. ಕನ್ನಡಕ್ಕೆ ಪದ ಕಟ್ಟುವ ಕಸುವಿದೆ. ‘ಕಬ್ಬಿಗರ ಕಾವ’ ಬರೆದ ಕವಿ ಆಂಡಯ್ಯ 13ನೇ ಶತಮಾನದಲ್ಲೇ ತೋರಿಸಿಕೊಟ್ಟ. ಹಿಂಜರಿಯುವುದು ನಾವು.

— ಅಚ್ಚಗನ್ನಡಿಗ

* * *

ಮರು: ಹ್ಯೂಮರ್

ಆಂಡಯ್ಯ ತತ್ಸಮ ಬಿಟ್ಟ, ತದ್ಭವ ಬಿಡಲಿಲ್ಲ. ಎರವಲನ್ನು ನಾಲಿಗೆಗೆ ಒಗ್ಗಿಸಿಕೊಂಡು ಬಳಸಿದ. ಅವನ ಹೆಸರು ಹೇಳುವ ಮೊದಲು ಇದಿಷ್ಟು ಗಮನದಲ್ಲಿರಲಿ.

— ನಿವೃತ್ತ ಮೇಷ್ಟ್ರು

* * *

ಮರು: ಹ್ಯೂಮರ್

ನಗೆಗಾರ ಚೆನ್ನಾಗಿದೆ. ನಾನೂ ಬಳಸುತ್ತೇನೆ. ಒಣನಗೆ ಆಗಲ್ಲ, ಯಾಕೆಂದರೆ ಆ ಪದ ಕನ್ನಡದಲ್ಲಿ ಆಗಲೇ ಕೆಲಸದಲ್ಲಿದೆ. ‘ಒಣನಗೆ ನಕ್ಕ’ ಅಂದರೆ ಒಳಗೆ ಇಷ್ಟವಿಲ್ಲದೆ ತುಟಿ ಅಗಲ ಮಾಡಿದ ಅಂತ. ನಮ್ಮ ಮುದುಕ ತಾನು ತುಟಿ ಅಗಲ ಮಾಡುವವನೇ ಅಲ್ಲ. ಬೇರೆಯವರನ್ನು ನಗಿಸುವವನು.

ನಗೆಯನ್ನು ಹ್ಯೂಮರ್‌ಗೆ ಸಮ ಮಾಡುವುದರಲ್ಲೇ ಒಂದು ತೊಡಕಿದೆ. ನಗೆ ಮುಖದ ಮೇಲೆ ಕಾಣುವಂಥದ್ದು. ಹ್ಯೂಮರ್ ಮನುಷ್ಯನೊಳಗಿನ ಗುಣ, ಅಥವಾ ಮಾತಿನೊಳಗಿನ ಗುಣ. ನಗದೆಯೂ ಹ್ಯೂಮರ್ ಇರಬಹುದು. ನಗೆಪಾಟಲು, ನಗೆಗೀಡು ನೋಡಿ, ನಗೆ ಇದೆ, ಹ್ಯೂಮರ್ ಎಲ್ಲಿದೆ? ಸಂಸ್ಕೃತದ ಕಡೆ ಹೋದರೂ ಇದೇ ಕಥೆ. ಹಾಸ್ಯ, ಪರಿಹಾಸ, ಅಪಹಾಸ್ಯ, ಅಟ್ಟಹಾಸ, ಮಂದಹಾಸ, ಪ್ರಹಸನ, ಎಲ್ಲ ಹಸ್ ಧಾತುವಿನವು, ಎಲ್ಲದರ ಬುಡದಲ್ಲೂ ನಗುವ ಬಾಯಿ. ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಆರು ಬಗೆ ಮಾಡಿದ್ದಾರಲ್ಲ, ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಅಂತ, ಆ ಲೆಕ್ಕವೂ ನಗು ಎಷ್ಟು ಜೋರು ಅನ್ನುವುದರ ಮೇಲೆ. ಸ್ಮಿತದಲ್ಲಿ ಹಲ್ಲು ಕಾಣಬಾರದು, ಹಸಿತದಲ್ಲಿ ಸ್ವಲ್ಪ ಕಾಣಬಹುದು, ಹೀಗೆ. ನಗಿಸುವವನ ಸ್ವಭಾವವನ್ನು ಹಿಡಿಯುವ ಪದ ಅಲ್ಲಿ ಹುಡುಕಿದರೆ ಸಿಗಲ್ಲ. ಇಂಗ್ಲಿಷಿನ ಪದ ಸ್ವಭಾವದಿಂದ ನಗೆಯ ಕಡೆಗೆ ಬಂತು. ನಮ್ಮ ಪದಗಳು ನಗೆಯಲ್ಲೇ ಹುಟ್ಟಿ ಅಲ್ಲೇ ಇವೆ. ಎರಡೂ ಒಂದು ಕಡೆ ಭೇಟಿಯಾಗುತ್ತವೆ ಅಷ್ಟೇ.

ಹಾಗಾದರೆ ಕನ್ನಡದಲ್ಲಿ ಜನ ಹೇಗೆ ಹೇಳುತ್ತಾರೆ? ‘ತುಂಬ ತಮಾಷೆ ಮನುಷ್ಯ’ ಅನ್ನುತ್ತಾರೆ. ‘ಅವನಿಗೆ ತಮಾಷೆ ಅರ್ಥ ಆಗಲ್ಲ’ ಅನ್ನುತ್ತಾರೆ. ಮೊದಲನೆಯದು ನಗಿಸುವ ಕಡೆ, ಎರಡನೆಯದು ನಗುವ ಕಡೆ. ಸೆನ್ಸ್ ಆಫ್ ಹ್ಯೂಮರ್ ಈ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ನಾವು ಬಿಡಿಸಿ ಹೇಳುತ್ತೇವೆ. ಅದರಲ್ಲಿ ಕೊರತೆ ಏನೂ ಇಲ್ಲ.

— ಕರಡು ತಿದ್ದುವವನು

* * *

ಮರು: ಹ್ಯೂಮರ್ (ಹಾಸ್ಯಪ್ರಜ್ಞೆ)

‘ಹಾಸ್ಯಪ್ರಜ್ಞೆ’ ಅನ್ನುವ ಪದವನ್ನೇ ನಿಷೇಧಿಸಬೇಕು ಅನ್ನುವ ಗುಂಪಿಗೆ ಸೇರಿದವಳು ನಾನು. ಪ್ರಜ್ಞೆ ಅಂದರೆ ಎಚ್ಚರ. ಹಾಸ್ಯಪ್ರಜ್ಞೆ ತಪ್ಪಿ ಬಿದ್ದರೆ ಮುಖಕ್ಕೆ ನೀರು ಚಿಮುಕಿಸಬೇಕಾ?

— ಪಾಠ ಹೇಳುವವಳು

* * *

ಮರು: ಹ್ಯೂಮರ್ (ಹಾಸ್ಯಪ್ರಜ್ಞೆ)

ಸಮಯಪ್ರಜ್ಞೆ, ಕರ್ತವ್ಯಪ್ರಜ್ಞೆ ತಪ್ಪಿ ಬಿದ್ದವರಿಗೂ ನೀರು ಚಿಮುಕಿಸುತ್ತೀರಾ ಅಕ್ಕ? ಪದ ನೆಲೆ ನಿಂತಾಗಿದೆ. ಪತ್ರಿಕೆಯವರು, ಭಾಷಣದವರು, ಎಲ್ಲರೂ ಬಳಸುತ್ತಿದ್ದಾರೆ. ಮುಂದಕ್ಕೆ ಹೋಗೋಣ.

ಹಾಗೇ ಇನ್ನೊಂದು. ವಿಟ್‌ಗೂ ಹ್ಯೂಮರ್‌ಗೂ ಒಂದೇ ಪದ ಹಾಕುವುದನ್ನು ಬಿಡಿ. ವಿಟ್ ಅಂದರೆ ಮೊದಲು ಬುದ್ಧಿ, ತಿಳಿವು. ನಮ್ಮ ವಿದ್ಯೆ, ವೇದಗಳ ವಿದ್ ಧಾತುವಿಗೆ ದೂರದ ನೆಂಟ. ಅದು ಥಟ್ಟನೆ ಬರುವ ಮಾತಿನ ಚುರುಕು. ಚಾಟೂಕ್ತಿ ಅನ್ನಿ, ಮಾತಿನ ಚಮತ್ಕಾರ ಅನ್ನಿ. ವಿದೂಷಕನನ್ನು ಇದೇ ಧಾತುವಿಗೆ ತಂದು ಕಟ್ಟುವವರಿದ್ದಾರೆ. ತಪ್ಪು. ಅವನು ದೂಷ್ ಧಾತುವಿನವನು, ಕೆಡಿಸುವವನು.

— ಪದಕೋಶದವರು

* * *

ಮರು: ಹ್ಯೂಮರ್ (ಎರಡನೇ ವಾಕ್ಯ)

ಎಲ್ಲರಿಗೂ ನಮಸ್ಕಾರ. ಗಟ್ಟಿ ಕಾರಣ ಸಿಕ್ಕಿತು, ‘ಅಪ್ಪನನ್ನು ಹಾಸ್ಯ ಮಾಡಿದಳು’ ಅನ್ನುವುದನ್ನು ಸಂಪಾದಕರಿಗೆ ಓದಿ ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಸರಿ, ಅಲ್ಲಿ ಬೇರೆ ಹಾಕಿ’ ಅಂದರು.

ಬೇರೆ ಅಂದರೆ ಯಾವುದು? ನನ್ನ ಮುಂದೆ ಇರುವುದು: ಓಲೈಸಿದಳು, ರಮಿಸಿದಳು, ಪುಸಲಾಯಿಸಿದಳು, ಮರ್ಜಿ ಹಿಡಿದಳು. ಒಂದೂ ಒಪ್ಪುತ್ತಿಲ್ಲ. ಬೇಗ ಹೇಳಿ.

— ಅನುವಾದಕಿ

* * *

ಮರು: ಹ್ಯೂಮರ್ (ಎರಡನೇ ವಾಕ್ಯ)

ಒಪ್ಪದೇ ಇರುವುದೇ ಸರಿ. ಒಂದೊಂದಾಗಿ ನೋಡಿ.

ಓಲೈಸುವವನಿಗೆ ಎದುರಿನವನಿಂದ ಏನೋ ಬೇಕು. ಪುಸಲಾಯಿಸುವವನಿಗೂ ಅಷ್ಟೇ, ಜೊತೆಗೆ ಒಂದಿಷ್ಟು ಮೋಸದ ವಾಸನೆ. ಮರ್ಜಿ ಹಿಡಿಯುವುದು ಕೆಳಗಿನವನು ಮೇಲಿನವನಿಗೆ ಮಾಡುವ ಕೆಲಸ. ಮಗಳಿಗೆ ಅಪ್ಪನಿಂದ ಏನೂ ಬೇಕಿಲ್ಲ, ಭಯವೂ ಇಲ್ಲ. ರಮಿಸುವುದು ಹತ್ತಿರ ಬರುತ್ತದೆ, ಆದರೆ ಅಳುವ ಮಗುವನ್ನು ರಮಿಸುತ್ತಾರೆ. ಇಲ್ಲಿ ಅಪ್ಪ ಅಳುತ್ತಿಲ್ಲ. ಖುಷಿಯಾಗಿ ಅಂಗಡಿ ತೆಗೆಯಲು ಹೊರಟಿದ್ದಾನೆ. ‘ತಾಳಕ್ಕೆ ಕುಣಿದಳು’ ಅಂತ ಯಾರಾದರೂ ಸೂಚಿಸಿದರೆ ಖಂಡಿತ ಬೇಡ, ಅದರಲ್ಲಿ ಅವಳಿಗೆ ಅವಮಾನ.

ಇಂಥ ಕಡೆ ಕನ್ನಡ ಮಾಡುವುದು ಏನು ಅಂದರೆ, ಭಾವಕ್ಕೆ ಹೆಸರಿಡದೆ ಆ ಕೆಲಸವನ್ನೇ ತೋರಿಸುತ್ತದೆ. ಅವಳು ಏನು ಮಾಡಿದಳು? ಹೂಂ ಅಂದಳು. ಯಾಕೆ? ಅವನ ಸಮಾಧಾನಕ್ಕೆ. ‘ಅವನ ಸಮಾಧಾನಕ್ಕೆ ಹೂಂ ಅಂದಳು.’ ಹೂಂಗುಟ್ಟಿದಳು ಬೇಡ, ಅದರಲ್ಲಿ ಗಮನ ಬೇರೆಲ್ಲೋ ಇದೆ ಅನ್ನುವ ಧ್ವನಿ ಇದೆ. ನನ್ನನ್ನು ಕೇಳಿದರೆ ಇನ್ನೂ ಒಂದು ಹೆಜ್ಜೆ ಹೋಗಿ ಮಾತನ್ನೇ ಕೊಟ್ಟುಬಿಡಿ. ‘ಹೂಂನಪ್ಪ, ನಾಳೆ ಬೇಗ ಎಬ್ಬಿಸ್ತೀನಿ’ ಅಂದಳು. ಮೂಲದಲ್ಲಿ ಒಂದು ಕ್ರಿಯಾಪದ ಇದೆ, ನೀವು ಒಂದು ವಾಕ್ಯ ಬರೆದಿರಿ ಅಂತ ಯಾರೂ ಜಗಳಕ್ಕೆ ಬರಲ್ಲ.

ಮೊದಲನೆಯದಕ್ಕೂ ಇದೇ ಉಪಾಯ. ಡ್ರೈ ಅಂದರೆ ಇಲ್ಲಿ ಮುಖ ನಗದೆ ಇರುವುದು, ದನಿ ಏರದೆ ಇರುವುದು. ‘ತಾನು ನಗದೆ ಬೇರೆಯವರನ್ನು ನಗಿಸುವ ಆಸಾಮಿ.’ ಮೂರನೆಯದಕ್ಕೆ ಲಹರಿ ಬೇಡ. ಲಹರಿ ಬಂದು ಹೋಗುವಂಥದ್ದು, ಕವಿಗಳಿಗೆ, ಹಾಡುವವರಿಗೆ ಸರಿ. ‘ಸಂಜೆ ಹೊತ್ತಿಗೆ ಮತ್ತೆ ಗೆಲುವಾದ.’ ಇಷ್ಟೇ ಸಾಕು.

— ಕರಡು ತಿದ್ದುವವನು

* * *

ಮರು: ಹ್ಯೂಮರ್ (ಎರಡನೇ ವಾಕ್ಯ)

ಗೆಲುವಾದ. ಕೊನೆಗೂ ಒಂದು ಕನ್ನಡ ಪದ! ಪಟ್ಟಿಯಲ್ಲಿದ್ದ ಮರ್ಜಿ ಅರಬ್ಬಿ. ತಮಾಷೆ ಅರಬ್ಬಿ, ಪಾರಸಿ. ಮಸ್ಕಿರಿಯೂ ಅರಬ್ಬಿ. ಕೀಟಲೆ, ಅಣಕ ಅನ್ನುವ ಚೊಕ್ಕ ಪದಗಳಿದ್ದೂ ನಗುವುದಕ್ಕೂ ನಮಗೆ ಹೊರಗಿನವರ ಪದ ಬೇಕು. ಹೀಗೇ ಹೋದರೆ ನಾಳೆ ಅಳುವುದಕ್ಕೂ ಎರವಲು ತರುತ್ತೇವೆ.

— ಅಚ್ಚಗನ್ನಡಿಗ

* * *

ಮರು: ಹ್ಯೂಮರ್ (ಎರವಲು)

ಅಣಕಕ್ಕೂ ತಮಾಷೆಗೂ ವ್ಯತ್ಯಾಸ ಗೊತ್ತಿಲ್ಲದವರು ಪದಶುದ್ಧಿಗೆ ಇಳಿಯಬಾರದು. ಅಣಕಿಸುವುದು ಇನ್ನೊಬ್ಬನ ಹಾಗೆ ಮಾಡಿ ತೋರಿಸಿ ಚುಚ್ಚುವುದು. ತಮಾಷೆಯಲ್ಲಿ ಚುಚ್ಚು ಇರಲೇಬೇಕು ಅಂತಿಲ್ಲ.

ತಮಾಷೆಯ ಕಥೆ ಕೇಳಿ. ಅರಬ್ಬಿಯಲ್ಲಿ ಅದರ ಮೂಲ ಅಡ್ಡಾಡುವುದು. ಪಾರಸಿಗೆ ಬಂದು ನೋಡುವ ನೋಟ ಆಯಿತು. ಮರಾಠಿಯಲ್ಲಿ ಆಟದ ಹೆಸರಾಯಿತು. ನಮ್ಮಲ್ಲಿ ನಗುವಿನ ಮಾತಾಯಿತು. ನಮ್ಮ ಅರ್ಥ ಅರಬ್ಬಿಯ ಮೂಲದಲ್ಲಿ ಇಲ್ಲ. ಅಂದ ಮೇಲೆ ಅದು ಯಾರ ಪದ?

ಹ್ಯೂಮರ್ ಕೂಡ ಅಲೆದಾಡಿದ್ದು ಕಡಿಮೆ ಏನಲ್ಲ. ಇಂಗ್ಲಿಷಿಗೆ ಅದು ಬಂದದ್ದು ಫ್ರೆಂಚರಿಂದ. ಅವರ ಪದ ಮನಸ್ಸಿನ ಸ್ಥಿತಿಗೆ ಹೇಳುವ ‘ಯೂಮರ್’ ಆಗಿ ಅಲ್ಲೇ ಉಳಿಯಿತು. ಇಂಗ್ಲಿಷರು ಅದಕ್ಕೆ ನಗೆಯ ಅರ್ಥ ಹಚ್ಚಿದ ಮೇಲೆ, 18ನೇ ಶತಮಾನದಲ್ಲಿ, ಫ್ರೆಂಚರು ತಮ್ಮದೇ ಪದವನ್ನು ಹೊಸ ಅರ್ಥದ ಜೊತೆ ಇಂಗ್ಲಿಷಿನಿಂದ ವಾಪಸ್ ತೆಗೆದುಕೊಂಡರು. ಈಗ ಅವರಲ್ಲಿ ಎರಡೂ ಇವೆ, ಒಂದಕ್ಷರದ ವ್ಯತ್ಯಾಸದಲ್ಲಿ. ಒಂದು ಮನಸ್ಸಿಗೆ, ಇನ್ನೊಂದು ನಗೆಗೆ. ಯಾರೂ ಕೆಡಲ್ಲ ಬಿಡಿ. ಇಂಗ್ಲಿಷಿನ ‘ಗ್ಯಾಲೋಸ್ ಹ್ಯೂಮರ್’ ಅನ್ನುವುದು ಜರ್ಮನ್ನಿಂದ ಪದಕ್ಕೆ ಪದ ಇಳಿಸಿಕೊಂಡದ್ದು, ನೇಣುಗಂಬದ ಕೆಳಗೆ ನಿಂತವನ ತಮಾಷೆ.

— ಪದಕೋಶದವರು

* * *

ಮರು: ಹ್ಯೂಮರ್ (ಎರವಲು)

ಫ್ರೆಂಚರಿಗೆ ಸಲ್ಲುವುದು ನಮಗೆ ಸಲ್ಲಬೇಕಿಲ್ಲ. ಅವರ ಭಾಷೆಗೆ ನಮ್ಮಷ್ಟು ಒತ್ತಡ ಇಲ್ಲ.

— ಅಚ್ಚಗನ್ನಡಿಗ

* * *

ಮರು: ಹ್ಯೂಮರ್ (ಎರವಲು)

ಕನ್ನಡದ ನಗೆಬರಹದ ಮಟ್ಟಿಗೆ ಹೇಳುವುದಾದರೆ ಈ ಶುದ್ಧಿಯ ಮಾತಿಗೆ ಅರ್ಥವೇ ಇಲ್ಲ. ಕೈಲಾಸಂ ನಾಟಕಗಳಲ್ಲಿ ಪಾತ್ರಗಳು ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ಆಡುವುದರಲ್ಲೇ ಅರ್ಧ ನಗು ಇದೆ. ಆ ಇಂಗ್ಲಿಷನ್ನು ಹೆಕ್ಕಿ ತೆಗೆದರೆ ನಾಟಕ ಶುದ್ಧವಾಗುತ್ತದೆ, ನಗು ಹೋಗುತ್ತದೆ. ಬೀಚಿ ತಮ್ಮ ಹೆಸರನ್ನೇ ಅರ್ಧ ಕನ್ನಡ ಅಕ್ಷರ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಅಚ್ಚಗನ್ನಡಿಗರು ಅವರ ಸಹಿಯನ್ನು ತಿದ್ದಿಕೊಡುತ್ತಾರಾ?

ಎಲ್ಲ ಎರವಲೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ‘ಹ್ಯೂಮರಸ್ಸಾಗಿ ಮಾತಾಡ್ತಾರೆ’ ಅಂತ ಕೇಳಿದರೆ ನನಗೂ ಮೈ ಉರಿಯುತ್ತದೆ. ಅಲ್ಲಿ ಎರವಲಿನ ಅಗತ್ಯವೇ ಇಲ್ಲ, ‘ತಮಾಷೆಯಾಗಿ’ ಕೈಗೆಟುಕುವ ಹಾಗಿದೆ. ಆದರೆ ಸಭೆಯಲ್ಲಿ ಒಬ್ಬರು ‘ಅವರಿಗೆ ಹ್ಯೂಮರ್ ಇಲ್ಲ’ ಅಂದಾಗ, ನಗಿಸಲೂ ಬಾರದು ನಗಲೂ ಬಾರದು ಅನ್ನುವ ಎರಡನ್ನೂ ಒಂದೇ ಏಟಿಗೆ ಹೇಳುತ್ತಿದ್ದಾರೆ. ಅದಕ್ಕೆ ಅವರು ಆ ಪದ ಬಳಸಿದರು. ಸುಮ್ನೆ ಫ್ಯಾಷನ್ನಿಗೆ ಅಲ್ಲ.

— ಪಾಠ ಹೇಳುವವಳು

* * *

ಮರು: ಹ್ಯೂಮರ್ (ಎರವಲು)

ಅಕ್ಷರದ ಮಾತು ಬಂದದ್ದಕ್ಕೆ ಒಂದು ವಿಷಯ. ಬ್ರಿಟಿಷರು ಹ್ಯೂಮರ್‌ನಲ್ಲಿ ಉಳಿಸಿಕೊಳ್ಳುವ ‘ಯು’ ಅಕ್ಷರವನ್ನು ಹ್ಯೂಮರಸ್, ಹ್ಯೂಮರಿಸ್ಟ್ ಬರೆಯುವಾಗ ಬಿಡುತ್ತಾರೆ. ಅಮೆರಿಕದವರು ಎಲ್ಲ ಕಡೆ ಬಿಡುತ್ತಾರೆ. ಇಂಗ್ಲಿಷ್ ಉಲ್ಲೇಖ ಕೊಡುವವರು ಗಮನಿಸಿ, ಕಳೆದ ಸಂಚಿಕೆಯಲ್ಲಿ ತಪ್ಪು ಬಿದ್ದಿತ್ತು.

— ಪದಕೋಶದವರು

* * *

ಮರು: ಹ್ಯೂಮರ್ (ಮುಗಿಯಿತು)

ಕಳಿಸಿಬಿಟ್ಟೆ. ಅಚ್ಚಿಗೆ ಹೋದದ್ದು ಹೀಗಿದೆ:

‘ಅಪ್ಪ ತಾನು ನಗದೆ ಬೇರೆಯವರನ್ನು ನಗಿಸುವ ಆಸಾಮಿ. ಗಿರಾಕಿ ಬಂದು, ಗಡಿಯಾರ ಹತ್ತು ನಿಮಿಷ ಹಿಂದೆ ಓಡ್ತಿದೆ ಅಂದರೆ, ಹಾಗಾದರೆ ನೀವು ಹತ್ತು ನಿಮಿಷ ಬಿಟ್ಟು ಬನ್ನಿ ಅನ್ನುತ್ತಿದ್ದ, ಭೂತಗನ್ನಡಿಯಿಂದ ಕಣ್ಣು ತೆಗೆಯದೆ.’

‘ನಾಳೆಯಿಂದ ಅಂಗಡಿ ಬಾಗಿಲು ತೆಗೀತೀನಿ ಅಂದ. ಅವನ ಸಮಾಧಾನಕ್ಕೆ ಹೂಂ ಅಂದಳು. ಬೇಗ ಎಬ್ಬಿಸ್ತೀನಪ್ಪ, ಅಂದಳು.’

‘ಸಂಜೆ ಹೊತ್ತಿಗೆ ಮತ್ತೆ ಗೆಲುವಾದ.’

ಸಂಪಾದಕರು ಮೂರಕ್ಕೂ ಒಪ್ಪಿದರು. ಆದರೆ ಬೆನ್ನುಡಿಯಲ್ಲಿ ‘ಲೇಖಕರ ಸೂಕ್ಷ್ಮ ಹಾಸ್ಯಪ್ರಜ್ಞೆ’ ಅಂತ ಒಂದು ಕಡೆಯಾದರೂ ಇರಲೇಬೇಕು ಅಂತ ಹಟ ಹಿಡಿದು ಹಾಕಿಸಿಕೊಂಡರು. ಬಿಟ್ಟುಕೊಟ್ಟೆ. ಸರಸ ಎಲ್ಲೂ ಬರಲಿಲ್ಲ, ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು.

— ಅನುವಾದಕಿ

* * *

ಮರು: ಹ್ಯೂಮರ್ (ಮುಗಿಯಿತು)

ಬೇಸರ ಏನಿಲ್ಲಮ್ಮ. ಆದರೆ ರಸದ ಮಾತನ್ನು ಇನ್ನೊಮ್ಮೆ ಯೋಚಿಸಿ. ಎರಡನೇ ಮುದ್ರಣ ಬರುತ್ತದಲ್ಲ.

— ನಿವೃತ್ತ ಮೇಷ್ಟ್ರು

* * *

ಮರು: ಹ್ಯೂಮರ್ (ಮುಗಿಯಿತು)

‘ಸಮಾಧಾನ’ ಸಂಸ್ಕೃತ. ‘ಆಸಾಮಿ’ ಅರಬ್ಬಿ. ಎರಡನೇ ಮುದ್ರಣದಲ್ಲಿ ಎರಡನ್ನೂ ತೆಗೆಯಿರಿ.

— ಅಚ್ಚಗನ್ನಡಿಗ

* * *

ಮರು: ಹ್ಯೂಮರ್ (ಮುಗಿಯಿತು)

ಹೂಂ.

— ಅನುವಾದಕಿ

* * *

ಮರು: ಹ್ಯೂಮರ್ (ಹೂಂ/ಹ್ಞೂಂ)

ಈಗ ಹೇಳಿ ಪ್ರಯೋಜನ ಇಲ್ಲ, ಆದರೂ ಹೇಳುತ್ತೇನೆ. ಒಪ್ಪಿಗೆಯ ಹೂಂಕಾರವನ್ನು ‘ಹ್ಞೂಂ’ ಅಂತ ಬರೆಯುವುದು ವಾಡಿಕೆ, ಮೂಗಿನ ಧ್ವನಿ ಅದರಲ್ಲೇ ಬರುವುದು. ಕರಡು ತಿದ್ದುವವರೇ ‘ಹೂಂ’ ಅಂತ ಬರೆದರೆ ಉಳಿದವರ ಗತಿ ಏನು?

— ಪದಕೋಶದವರು

* * *

ಮರು: ಹ್ಯೂಮರ್ (ಹೂಂ/ಹ್ಞೂಂ)

ಎರಡೂ ರೂಢಿಯಲ್ಲಿವೆ. ಹೊಸ ಎಳೆ ಶುರು ಮಾಡಿ, ಅಲ್ಲಿ ಜಗಳ ಆಡೋಣ.

— ಕರಡು ತಿದ್ದುವವನು